ಮಡಿಲಿಗೆ ಹಿಡಿಸುವ ನಾಯಿಯಲ್ಲ, ಮಕ್ಕಳನ್ನು ತಾಳುವ ನಾಯಿ

ಐದು ವರ್ಷದ ಮಗ, ಎರಡು ವರ್ಷದ ಮಗಳು, ಇಂಗ್ಲೆಂಡಿನ ಸಾಲುಮನೆ, ಹಿತ್ತಿಲಲ್ಲಿ ಚಾಪೆಯಷ್ಟಗಲದ ಹುಲ್ಲು. ಇಂಥ ಮನೆಗೆ ಯಾವ ಸಣ್ಣ ನಾಯಿ ಹೊಂದುತ್ತದೆ ಎಂದು ನೀವು ನಮ್ಮ ಕನ್ನಡಿಗರ ಗುಂಪಿನಲ್ಲಿ ಕೇಳಿದ್ದೀರಿ. ಏಳು ವರ್ಷದ ಹಿಂದೆ ನಮ್ಮ ಮನೆಯೂ ಹೀಗೆಯೇ ಇತ್ತು, ಮಕ್ಕಳ ವಯಸ್ಸೂ ಹೆಚ್ಚುಕಡಿಮೆ ಇಷ್ಟೇ. ಆಗ ನನಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕಾಗಿದ್ದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾದರೆ ಮನ್ನಿಸಿ.

ಮೊದಲನೆಯದು ಈ 'ಸಣ್ಣ' ಎಂಬ ಮಾತು. ಮಕ್ಕಳು ಸಣ್ಣವರು, ಆದ್ದರಿಂದ ನಾಯಿಯೂ ಸಣ್ಣದಿರಲಿ ಎಂದು ನಾವೆಲ್ಲ ಯೋಚಿಸುತ್ತೇವೆ. ನಾಯಿ ಮಕ್ಕಳನ್ನು ಬೀಳಿಸಬಾರದು ಎಂಬುದಷ್ಟೇ ನಮ್ಮ ಲೆಕ್ಕ. ಮಕ್ಕಳು ನಾಯಿಯನ್ನು ಬೀಳಿಸಿದರೆ? ನಮ್ಮ ಸ್ನೇಹಿತರ ಮನೆಯಲ್ಲಿ ಎರಡು ಕೆಜಿಯ ಚಿವಾವಾ ಇತ್ತು. ಅವರ ನಾಲ್ಕು ವರ್ಷದ ಮಗಳು ಅದನ್ನು ಎದೆಗೆ ಅವುಚಿಕೊಂಡು ಸೋಫಾದ ಮೇಲೆ ನಿಂತಿದ್ದಳು. ನಾಯಿ ಕೊಸರಿತು, ಕೈ ಸಡಿಲವಾಯಿತು. ಬಿದ್ದ ಸದ್ದು ಪುಸ್ತಕ ಬಿದ್ದಷ್ಟೂ ಇರಲಿಲ್ಲ. ಆದರೆ ಮುಂಗಾಲು ಮಧ್ಯದಲ್ಲೇ ಮುರಿದಿತ್ತು. ನಾನು ಅಲ್ಲೇ ಇದ್ದೆ. ನಾಯಿಯ ಕೂಗಿಗಿಂತ, "ನಾನು ಏನೂ ಮಾಡಲಿಲ್ಲ ಆಂಟಿ, ನಾನು ಪ್ರೀತಿ ಮಾಡುತ್ತಿದ್ದೆ" ಎಂದು ನಡುಗುತ್ತಿದ್ದ ಆ ಹುಡುಗಿಯ ಮುಖ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಇಷ್ಟು ಪುಟ್ಟ ತಳಿಗಳ ಮುಂಗಾಲಿನ ಮೂಳೆ ಪೆನ್ಸಿಲ್‌ನಷ್ಟು ತೆಳು; ಸೋಫಾದ ಎತ್ತರದಿಂದ ಬಿದ್ದರೂ ಸಾಕು. ನೋವಾಗುತ್ತದೆ ಎಂಬ ಭಯಕ್ಕೇ ಇಂಥ ನಾಯಿ ಮಕ್ಕಳನ್ನು ಕಂಡರೆ ಗುರುಗುಟ್ಟಲು ಕಲಿಯುತ್ತದೆ. ಚಿವಾವಾ, ಪಮೇರಿಯನ್, ಯಾರ್ಕ್‌ಷೈರ್ ಟೆರಿಯರ್ ಇವೆಲ್ಲ ದೊಡ್ಡವರೇ ಇರುವ ಮನೆಗೆ ಚೆನ್ನ. ಎರಡು ವರ್ಷದ ಮಗುವಿನ ಮನೆಗೆ ಐದಾರು ಕೆಜಿಗಿಂತ ಕಡಿಮೆ ತೂಗುವ ನಾಯಿ ಬೇಡ ಎಂದೇ ನನ್ನ ಅಭಿಪ್ರಾಯ.

ಪಮೇರಿಯನ್ ಬಗ್ಗೆ ಗುಂಪಿನಲ್ಲಿ ಮೂರು ಜನ ನಿಮಗೆ ಉತ್ತರ ಬರೆದಿದ್ದಾರೆ. ನಮ್ಮೂರಿನ ಮನೆಯಲ್ಲಿತ್ತು, ಗಟ್ಟಿಮುಟ್ಟಾಗಿತ್ತು, ನಮ್ಮ ಜೊತೆಯೇ ಬೆಳೆಯಿತು ಎಂದು. ನಿಜ. ಎಂಬತ್ತು, ತೊಂಬತ್ತರ ದಶಕದಲ್ಲಿ ಮೈಸೂರು, ಬೆಂಗಳೂರು, ದಾವಣಗೆರೆಯ ಮನೆಗಳ ಗೇಟಿನ ಹಿಂದೆ ಬೊಗಳುತ್ತಿದ್ದ ಆ ಬಿಳಿ ನಾಯಿಯನ್ನು ನಾವೆಲ್ಲರೂ ಪಮೇರಿಯನ್ ಎಂದೇ ಕರೆಯುತ್ತಿದ್ದೆವು. ಆದರೆ ಅವುಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಜರ್ಮನ್ ಸ್ಪಿಟ್ಜ್ ಮೂಲದಿಂದ ಬಂದು ನಮ್ಮ ಹವೆಗೆ, ನಮ್ಮ ಮೊಸರನ್ನಕ್ಕೆ ಒಗ್ಗಿಕೊಂಡ ತಳಿ. ಇಂಗ್ಲೆಂಡಿನಲ್ಲಿ ಅದೇ ಹೆಸರಿನಲ್ಲಿ ಸಿಗುವುದು ಎರಡು-ಮೂರು ಕೆಜಿಯ ಉಣ್ಣೆಯುಂಡೆ. ಬಾಲ್ಯದ ನೆನಪನ್ನು ನಂಬಿ ಅದನ್ನು ತಂದರೆ ಬೇರೆಯದೇ ನಾಯಿ ಮನೆಗೆ ಬರುತ್ತದೆ.

ಪಗ್ ಕಥೆಯೂ ನೆನಪಿನದ್ದೇ. 2003ರ ಆ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗ ಹೋದಲ್ಲೆಲ್ಲ ಹಿಂದೆ ಹೋಗುತ್ತಿದ್ದ ಪಗ್ಗನ್ನು ನಮ್ಮೂರಿನವರು 'ಹಚ್ ನಾಯಿ' ಎಂದೇ ಕರೆದರು. ಮಕ್ಕಳೊಂದಿಗೆ ಅದರ ಸ್ವಭಾವ ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಗ್, ಫ್ರೆಂಚ್ ಬುಲ್‌ಡಾಗ್‌ಗಳ ಮೂತಿಯನ್ನು ಮನುಷ್ಯರು ಚಪ್ಪಟೆ ಮಾಡುತ್ತಾ ಬಂದು ಉಸಿರಿನ ದಾರಿಯೇ ಕಿರಿದಾಗಿದೆ. ಗೊರಕೆಯನ್ನು ಮುದ್ದು ಎಂದುಕೊಳ್ಳುತ್ತೇವೆ. ಅದು ಉಸಿರಿಗೆ ಪಡುತ್ತಿರುವ ಪಾಡು. ಇನ್ನೊಂದು ವಿಷಯವನ್ನು ಮುಂದೆ ಊರಿಗೆ ಮರಳುವ ಯೋಚನೆ ಇರುವವರು ಗಮನಿಸಬೇಕು. ಚಪ್ಪಟೆ ಮೂತಿಯ ನಾಯಿಗಳು ವಿಮಾನದ ಸರಕು ವಿಭಾಗದಲ್ಲಿ ಉಸಿರುಗಟ್ಟುವ ಅಪಾಯ ಹೆಚ್ಚು ಎಂದು ಹಲವು ವಿಮಾನ ಸಂಸ್ಥೆಗಳು ಅವುಗಳನ್ನು ಒಯ್ಯುವುದೇ ಇಲ್ಲ. ಗಂಟುಮೂಟೆ ಕಟ್ಟಿದ ಮೇಲೆ ನಾಯಿಯನ್ನು ಯಾರಿಗೋ ಕೊಟ್ಟು ಹೊರಡುವ ಸಂಕಟ ಮಕ್ಕಳಿಗೆ ಬೇಡ.

ಡ್ಯಾಶ್‌ಹಂಡ್ ಉದ್ದ ಬೆನ್ನಿನದು, ಬೆನ್ನೆಲುಬಿನ ಡಿಸ್ಕ್ ಜಾರಿ ಹಿಂಗಾಲು ಸ್ವಾಧೀನ ತಪ್ಪುವ ತೊಂದರೆ ಈ ತಳಿಗೆ ಹೆಚ್ಚು. ನಮ್ಮ ಸಾಲುಮನೆಗಳ ಕಡಿದಾದ ಮೆಟ್ಟಿಲನ್ನು ದಿನಕ್ಕೆ ಇಪ್ಪತ್ತು ಬಾರಿ ಹತ್ತಿಳಿಯುವ ಮಕ್ಕಳ ಹಿಂದೆ ಅದೂ ಓಡುತ್ತದೆ, ತಡೆಯಲಾಗದು. ಬಾರ್ಡರ್ ಟೆರಿಯರ್ ಗಟ್ಟಿ ನಾಯಿ, ಆಟಕ್ಕೆ ಬೇಸರವಿಲ್ಲ. ಅಳಿಲು ಕಂಡರೆ ಮಾತ್ರ ನಿಮ್ಮ ಮಾತು ಅದರ ಕಿವಿಗೆ ಬೀಳುವುದಿಲ್ಲ.

ಕ್ಯಾವಪೂ, ಕಾಕಪೂ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ನಮ್ಮವರು ಹೆಚ್ಚು ಒಲಿದಿರುವುದು ಇವಕ್ಕೇ. ಕ್ಯಾವಲಿಯರ್, ಕಾಕರ್ ಸ್ಪ್ಯಾನಿಯಲ್ ತಳಿಗಳನ್ನು ಗುಂಗುರು ಕೂದಲಿನ ಪೂಡಲ್ ಜೊತೆ ಬೆರೆಸಿದ ಈ ನಾಯಿಗಳ ಕೂದಲು ಉದುರುವುದಿಲ್ಲ, ಆದ್ದರಿಂದ ಅಲರ್ಜಿ ಬರುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು. ಅದಿಲ್ಲದ ನಾಯಿ ಇಲ್ಲ. ನಿಮ್ಮ ಮಗನಿಗೆ ಉಬ್ಬಸವಿದೆ ಎಂದು ಬರೆದಿದ್ದೀರಿ. ಹಾಗಾದರೆ ಅಂಥದೇ ನಾಯಿ ಇರುವ ಮನೆಗೆ ನಾಲ್ಕಾರು ಬಾರಿ ಹೋಗಿ, ಪ್ರತಿ ಸಲವೂ ಒಂದೆರಡು ಗಂಟೆ ಕುಳಿತು, ಅವನ ಉಸಿರು ಹೇಗಿದೆ ಎಂದು ನೋಡಿ. ಉದುರದ ಕೂದಲು ಬೆಳೆಯುತ್ತಲೇ ಇರುತ್ತದೆ ಎಂಬುದೂ ನೆನಪಿರಲಿ. ದಿನವೂ ಬಾಚದಿದ್ದರೆ ಚರ್ಮಕ್ಕೆ ಅಂಟಿ ಜಡೆಗಟ್ಟುತ್ತದೆ, ಆರೆಂಟು ವಾರಕ್ಕೊಮ್ಮೆ ಕತ್ತರಿಸಲು ಹಣ ಎತ್ತಿಡಬೇಕು.

ನಾವು ತಂದದ್ದು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್. ಹೆಸರು ಚಿನ್ನಿ. ಆರರಿಂದ ಎಂಟು ಕೆಜಿ ತೂಗುವ ತಳಿ, ಮಗು ಬಾಲದ ಮೇಲೆ ಕುಳಿತರೂ ಎದ್ದು ದೂರ ಹೋಗುವಷ್ಟು ಸಾಧು. ಮೊದಲ ತಿಂಗಳಲ್ಲೇ ನನ್ನ ಮಗಳು ಅದರ ಕಿವಿಗೆ ಕ್ಲಿಪ್ ಹಾಕಿ, ಹಣೆಗೆ ಕುಂಕುಮ ಇಟ್ಟು, ಎದುರಿಗೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಆರತಿ ಎತ್ತುತ್ತಿದ್ದಳು. ಚಿನ್ನಿ ಕಣ್ಣು ಅರೆಮುಚ್ಚಿ ಕುಳಿತಿತ್ತು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸ್ವಭಾವದ ಸಣ್ಣ ನಾಯಿಯನ್ನು ನಾನು ಕಂಡಿಲ್ಲ.

ಆದರೂ ಇದನ್ನೇ ತನ್ನಿ ಎಂದು ಹೇಳಲು ಬಾಯಿ ಬರುತ್ತಿಲ್ಲ. 1926ರಲ್ಲಿ ರಾಸ್‌ವೆಲ್ ಎಲ್‌ಡ್ರಿಜ್ ಎಂಬ ಅಮೆರಿಕನ್, ಹಳೆಯ ಚಿತ್ರಗಳಲ್ಲಿದ್ದಂಥ ಉದ್ದ ಮೂತಿಯ ಸ್ಪ್ಯಾನಿಯಲ್ ತಂದವರಿಗೆ ಇಂಗ್ಲೆಂಡಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ 25 ಪೌಂಡ್ ಬಹುಮಾನ ಇಟ್ಟರು. ಅಲ್ಲಿಂದ ಕೆಲವೇ ನಾಯಿಗಳನ್ನು ಹಿಡಿದು ಬೆಳೆಸಿದ ತಳಿ ಇದು. ಬಳಗ ಕಿರಿದು, ಆದ್ದರಿಂದ ಕಾಯಿಲೆ ಮನೆಮಾಡಿದೆ. ಹೃದಯದ ಮೈಟ್ರಲ್ ಕವಾಟ ಸವೆದು ರಕ್ತ ಹಿಂದಕ್ಕೆ ಸೋರುವುದು ಈ ತಳಿಯಲ್ಲಿ ಎಳೆ ವಯಸ್ಸಿಗೇ ಬರುತ್ತದೆ. ತಲೆಬುರುಡೆ ಇಕ್ಕಟ್ಟಾಗಿ ಬೆನ್ನುಹುರಿಯಲ್ಲಿ ನೀರು ಕಟ್ಟಿಕೊಳ್ಳುವ ನೋವಿನ ಕಾಯಿಲೆ ಬೇರೆ. 2022ರಲ್ಲಿ ನಾರ್ವೆಯ ಓಸ್ಲೋ ನ್ಯಾಯಾಲಯ ಈ ತಳಿಯನ್ನು ಈಗಿನ ರೀತಿಯಲ್ಲಿ ಬೆಳೆಸುವುದು ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಎಂದೇ ತೀರ್ಪಿತ್ತಿತು. ನಾವು ತರುವಾಗ ಇದೊಂದೂ ತಿಳಿದಿರಲಿಲ್ಲ. ತಂದೆ ತಾಯಿ ನಾಯಿಗಳ ಹೃದಯ ಪರೀಕ್ಷೆ ಆಗಿದೆಯೇ ಎಂದು ಕೇಳಲೂ ಇಲ್ಲ. ನೀವು ಕೇಳಿ. ಕಾಗದ ತೋರಿಸದಿದ್ದರೆ ಎದ್ದು ಬನ್ನಿ.

ಎದ್ದು ಬರುವುದು ಸುಲಭವಲ್ಲ, ಅದೂ ನನಗೆ ಗೊತ್ತು. ಚಿನ್ನಿಗಿಂತ ಮೊದಲು ಒಬ್ಬ ಮಾರಾಟಗಾರ, ಮನೆ ದೂರ, ಹೆದ್ದಾರಿಯ ಪಕ್ಕದ ಕಾರ್ ಪಾರ್ಕಿಗೇ ಮರಿ ತರುತ್ತೇನೆ ಎಂದ. ಹೋದೆವು. ಡಿಕ್ಕಿಯಲ್ಲಿ ರಟ್ಟಿನ ಪೆಟ್ಟಿಗೆ, ಅದರೊಳಗೆ ಮೂಗು ಸೋರುತ್ತಿದ್ದ ಮರಿ. ಮಗ "ಅಮ್ಮಾ, ಅದು ನನ್ನನ್ನೇ ನೋಡುತ್ತಿದೆ" ಎಂದ. ನಮ್ಮವರು ಅವನನ್ನು ಎತ್ತಿಕೊಂಡು ಕಾರಿಗೆ ಬಂದುಬಿಟ್ಟರು, ಮನೆ ಸೇರುವವರೆಗೂ ಅತ್ತ. ಆ ಮರಿ ಏನಾಯಿತೋ ಎಂದು ಈಗಲೂ ಕೊರಗುತ್ತೇನೆ, ಆದರೆ ಅಂದು ಹಣ ಕೊಟ್ಟಿದ್ದರೆ ಆ ಮಾರಾಟಗಾರ ಮರುದಿನ ಇನ್ನೊಂದು ಪೆಟ್ಟಿಗೆ ತರುತ್ತಿದ್ದ. ಈಗ ಇಂಗ್ಲೆಂಡಿನಲ್ಲಿ ಲೂಸಿ ಕಾನೂನು ಇದೆ, 2020ರ ಏಪ್ರಿಲ್ 6ರಿಂದ ಜಾರಿಯಲ್ಲಿದೆ. ಆರು ತಿಂಗಳೊಳಗಿನ ಮರಿಯನ್ನು ಅಂಗಡಿಯವರು, ದಲ್ಲಾಳಿಗಳು ಮಾರುವಂತಿಲ್ಲ. ಮರಿ ಹುಟ್ಟಿದ ಜಾಗದಲ್ಲೇ, ತಾಯಿಯ ಪಕ್ಕದಲ್ಲೇ ನೀವು ಅದನ್ನು ನೋಡಬೇಕು. ಆ ಲೂಸಿ ಯಾರೆಂದರೆ, 2013ರಲ್ಲಿ ವೇಲ್ಸ್‌ನ ಮರಿ ಹಾಕಿಸುವ ದಂಧೆಯ ಜಾಗವೊಂದರಿಂದ ಬಿಡಿಸಿ ತಂದ ಒಂದು ಕ್ಯಾವಲಿಯರ್. ಮತ್ತೆ ಮತ್ತೆ ಮರಿ ಹಾಕಿಸಿ, ಬೆನ್ನು ಬಾಗಿಹೋಗಿತ್ತು.

ಮರಿಯೇ ಬೇಕೆಂದೂ ಹಟ ಬೇಡ. ಆಶ್ರಯ ಕೇಂದ್ರಗಳಲ್ಲಿ ಮೂರು-ನಾಲ್ಕು ವರ್ಷದ ನಾಯಿಗಳಿರುತ್ತವೆ, ಮಕ್ಕಳ ಜೊತೆ ಇದ್ದು ಬಂದದ್ದೋ ಅಲ್ಲವೋ ಎಂದು ಅವರೇ ಹೇಳುತ್ತಾರೆ. ಮರಿಯ ಸೂಜಿಹಲ್ಲು, ರಾತ್ರಿಯ ಅಳು, ಕಾರ್ಪೆಟ್ ಮೇಲಿನ ಉಚ್ಚೆ, ಇತ್ತ ಡೈಪರ್ ಬಿಡದ ಮಗು: ಆ ಆರು ತಿಂಗಳು ನಾನು ನಿದ್ದೆ ಕಂಡಿಲ್ಲ. ನಿಮ್ಮ ಮಗಳಿಗೆ ನಾಲ್ಕು ತುಂಬಲಿ, ಆಮೇಲೆ ತನ್ನಿ ಎಂದು ನಾನು ಕೈಮುಗಿದು ಹೇಳುವುದು ಅದಕ್ಕೇ. ಮತ್ತು ನಾಯಿಯ ಕೆಲಸ ಮಗ ಮಾಡುತ್ತಾನೆ ಎಂಬ ಒಪ್ಪಂದವನ್ನು ನಂಬಬೇಡಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲಾಗುತ್ತದೆ. ಆ ಮಳೆಯಲ್ಲಿ ಹಗ್ಗ ಹಿಡಿದು ಹೊರಡುವವರು ನೀವೇ.

ಮಕ್ಕಳಿಗೆ ಕಲಿಸಬೇಕಾದದ್ದು ಮುದ್ದು ಮಾಡುವುದನ್ನಲ್ಲ, ಅದು ಅವರಿಗೆ ಬರುತ್ತದೆ. ನಾಯಿಯ 'ಬೇಡ'ವನ್ನು ಓದುವುದನ್ನು ಕಲಿಸಿ. ಮುಖ ಪಕ್ಕಕ್ಕೆ ತಿರುಗಿಸುವುದು, ನಿದ್ದೆ ಇಲ್ಲದೆ ಆಕಳಿಸುವುದು, ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವುದು, ಬಾಲ ಮುದುರುವುದು ಇವೆಲ್ಲ 'ಬಿಡು ನನ್ನನ್ನು' ಎಂಬ ಮಾತು. ಇಷ್ಟಕ್ಕೂ ಬಿಡದಿದ್ದರೆ ಗುರ್ ಎನ್ನುತ್ತದೆ. ಗುರ್ ಎಂದಿದ್ದಕ್ಕೆ ನಾಯಿಯನ್ನು ಗದರಬೇಡಿ. ಗದರಿದರೆ ಮುಂದಿನ ಸಲ ಎಚ್ಚರಿಸದೆ ಕಚ್ಚುತ್ತದೆ. ನಮ್ಮ ಮನೆಯ ನಿಯಮ: ನಾಯಿಯನ್ನು ಎತ್ತುವಂತಿಲ್ಲ, ನೆಲದ ಮೇಲೆ ಕುಳಿತೇ ಮುಟ್ಟಬೇಕು. ಉಣ್ಣುವಾಗ, ಮಲಗಿದಾಗ ಹತ್ತಿರ ಹೋಗುವಂತಿಲ್ಲ. ಐದು ನಿಮಿಷಕ್ಕಾದರೂ ಸರಿ, ಮಗು ಮತ್ತು ನಾಯಿಯನ್ನು ಒಂದೇ ಕೋಣೆಯಲ್ಲಿ ಬಿಟ್ಟು ನಾನು ಒಗ್ಗರಣೆ ಹಾಕಲು ಹೋಗುತ್ತಿರಲಿಲ್ಲ.

ಅಡುಗೆಮನೆಯ ಮಾತು ಬಂತು, ಹೇಳಿಬಿಡುತ್ತೇನೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ. ಚಾಕೊಲೇಟ್ ವಿಷ. ಈಗ ನಮ್ಮ ಹಬ್ಬದ ಎಲೆಯನ್ನು ನೆನೆಸಿಕೊಳ್ಳಿ: ಕೇಸರಿಬಾತಿನ ತುಂಬ ದ್ರಾಕ್ಷಿ, ಪಾಯಸದಲ್ಲಿ ದ್ರಾಕ್ಷಿ, ಹುಳಿಯಲ್ಲಿ ಈರುಳ್ಳಿ. ಊರಿನಿಂದ ಬಂದ ಹಿರಿಯರು ಪ್ರೀತಿಯಿಂದ ಒಂದು ತುತ್ತು ಹಾಕುತ್ತಾರೆ, ಅವರಿಗೆ ಮೊದಲೇ ಹೇಳಿ. ನಮ್ಮ ಅತ್ತೆಯವರು ಆರು ತಿಂಗಳಿಗೆಂದು ಬಂದಾಗ ದೇವರ ಮನೆಗೆ ನಾಯಿ ಬರಬಾರದು ಎಂದರು. ಮಕ್ಕಳಿಗಾಗಿ ಮೆಟ್ಟಿಲಿಗೆ ಹಾಕಿದ್ದ ಗೇಟನ್ನೇ ತಂದು ಅಲ್ಲಿ ಹಾಕಿದೆವು. ಅವರ ಮಡಿಯೂ ಉಳಿಯಿತು, ಚಿನ್ನಿ ಗೇಟಿನ ಈಚೆ ಕುಳಿತು ಮಂಗಳಾರತಿ ನೋಡುವುದೂ ನಡೆಯಿತು.

ಊರಿಗೆ ಹೋಗುವ ಐದು ವಾರ ನಾಯಿ ಎಲ್ಲಿರುತ್ತದೆ ಎಂಬುದನ್ನು ಟಿಕೆಟ್ ಮಾಡಿಸುವ ಮೊದಲೇ ಗೊತ್ತುಮಾಡಿ. ನಾವು ಇನ್ನೊಂದು ಕನ್ನಡ ಕುಟುಂಬದ ಜೊತೆ ಮಾತಾಡಿಕೊಂಡಿದ್ದೇವೆ, ಅವರ ನಾಯಿ ನಮ್ಮಲ್ಲಿ, ನಮ್ಮದು ಅವರಲ್ಲಿ. ಇದಕ್ಕಿಂತ ದೊಡ್ಡ ಚಿಂತೆ ಒಂದಿದೆ. ಮನೆಯ ನಾಯಿಯನ್ನು ತಬ್ಬಿ ಬೆಳೆದ ಮಕ್ಕಳು ಮೈಸೂರಿನ ಬೀದಿಯಲ್ಲೂ ನಾಯಿ ಕಂಡರೆ ತಬ್ಬಲು ಓಡುತ್ತಾರೆ. ಬ್ರಿಟನ್ನಿನ ನಾಯಿಗಳಲ್ಲಿ ರೇಬಿಸ್ ಇಲ್ಲ, ನಮ್ಮೂರಿನಲ್ಲಿ ಇದೆ. ವಿಮಾನ ಹತ್ತುವ ಮೊದಲೇ ಮಕ್ಕಳಿಗೆ ಹೇಳಿ. ಕಚ್ಚಿದರೆ, ಬರೀ ಗೀರಿದರೂ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಬೈಯುತ್ತಾರೆ ಎಂಬ ಹೆದರಿಕೆಗೆ ಮಗು ಮುಚ್ಚಿಡದಂತೆ, ಹೇಳಿದರೆ ಬೈಯುವುದಿಲ್ಲ ಎಂದೂ ಸೇರಿಸಿ ಹೇಳಿ.

ಚಿನ್ನಿಗೆ ಮೊದಲು ಪಾಠ ಹೇಳಿದವರು ಅತ್ತೆಯವರೇ. ಹಾಗಾಗಿ ಅದಕ್ಕೆ ಗೊತ್ತಿರುವುದು ಕೂರು, ಬಾ, ಬೇಡ, ಸಾಕು. ನಮಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು ಅದರ ಜೊತೆ ಮಾತ್ರ ಕನ್ನಡ ಆಡುತ್ತಾ ಬೆಳೆದರು. ಕಳೆದ ವರ್ಷ ಲಸಿಕೆಗೆ ಕರೆದೊಯ್ದಾಗ ಪಶುವೈದ್ಯರು ಸ್ಟೆತಸ್ಕೋಪನ್ನು ಅದರ ಎಡ ಎದೆಯ ಮೇಲಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಕವಾಟ ಸೋರುತ್ತಿದೆ, ಹೃದಯ ಹಿಗ್ಗಿದೆ. ಈಗ ದಿನಕ್ಕೆ ಎರಡು ಬಾರಿ, ಊಟಕ್ಕೆ ಒಂದು ಗಂಟೆ ಮೊದಲು ಮಾತ್ರೆ. ಮಲಗಿದಾಗ ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತದೆ ಎಂದು ನಾವೇ ಎಣಿಸಿ ಬರೆದಿಡಬೇಕು, 30 ದಾಟಿದರೆ ತಕ್ಷಣ ಕರೆ ಮಾಡಬೇಕು. ಆ ಕೆಲಸವನ್ನು ಹನ್ನೆರಡು ವರ್ಷದ ಮಗ ತಾನಾಗಿಯೇ ತೆಗೆದುಕೊಂಡಿದ್ದಾನೆ. ಭಾನುವಾರ ರಾತ್ರಿ ದೀಪ ಸಣ್ಣದು ಮಾಡಿ, ಗಡಿಯಾರ ಹಿಡಿದು, ಅದರ ಪಕ್ಕೆಯ ಏರಿಳಿತ ನೋಡುತ್ತಾ ಒಂದು, ಎರಡು, ಮೂರು ಎಂದು ಪಿಸುದನಿಯಲ್ಲಿ ಎಣಿಸುತ್ತಾನೆ. ಮೊನ್ನೆ ಇಪ್ಪತ್ತಮೂರು ಇತ್ತು.