ಪದಚರ್ಚೆ: ‘ಪೋಸ್ಟ್-ಪಂಕ್’, ‘ಆಲ್ಬಮ್’ – ತುರ್ತು

ಎಲ್ಲರಿಗೂ ನಮಸ್ಕಾರ. ಪುರವಣಿ ಪುಟ ಇವತ್ತು (ಅಕ್ಟೋಬರ್ 31, 2024) ರಾತ್ರಿ ಎಂಟಕ್ಕೆ ಅಚ್ಚಿಗೆ ಹೋಗಬೇಕು. ಇಂಗ್ಲೆಂಡಿನ ‘ದಿ ಕ್ಯೂರ್’ ರಾಕ್ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ನಾಳೆ, ನಮ್ಮ ರಾಜ್ಯೋತ್ಸವದ ದಿನವೇ, ಬರುತ್ತಿದೆ. 2008ರ ನಂತರ ಅವರ ಮೊದಲ ಆಲ್ಬಮ್. ಎಂಟು ಹಾಡು, ಸುಮಾರು 49 ನಿಮಿಷ. ತಲೆಬರಹ ಎರಡು ಸಾಲು, ತೆರಪು ಬಿಟ್ಟು ಸಾಲಿಗೆ 12 ಅಕ್ಷರ. ಕರಡು:

ಹದಿನಾರು ವರ್ಷದ ಮೇಲೆ
ಪಂಕೋತ್ತರ ತಂಡದ ಧ್ವನಿಸುರುಳಿ

‘ಪೋಸ್ಟ್-ಪಂಕ್’ಗೆ (ಪಂಕ್ ಎಂಬ ಒರಟು ರಾಕ್ ಸಂಗೀತದ ಬೆನ್ನಿಗೆ ಬಂದ ಶೈಲಿ) ‘ಪಂಕೋತ್ತರ’ ನಡೆಯುತ್ತದೆಯೇ? ‘ಆಲ್ಬಮ್’ಗೆ ‘ಧ್ವನಿಸುರುಳಿ’ ಹಳತಾಯಿತೇ? ‘ಲಾಸ್ಟ್’ಗೆ (lost) ‘ಕಳೆದುಹೋದ’ವೋ ‘ಅಳಿದ’ವೋ?

ಮರು: ಪಂಕೋತ್ತರ

ನಡೆಯುವುದಿಲ್ಲ. ಗುಣಸಂಧಿಗೆ ಪೂರ್ವಪದ ಅಕಾರಾಂತವಾಗಿರಬೇಕು, ‘ಪಂಕ್’ ವ್ಯಂಜನಾಂತ. ಎಳೆದುತಂದು ‘ಪಂಕ’ ಮಾಡಿದರೆ ಕೆಸರು. ಸಾಲದ್ದಕ್ಕೆ ಅರಿಸಮಾಸ, ಬೇರೆ ಬೇರೆ ಭಾಷೆಯ ಪದಗಳ ಬೆಸುಗೆ.

ಮರು: ಪಂಕೋತ್ತರ

ಅರಿಸಮಾಸ ಕನ್ನಡ–ಸಂಸ್ಕೃತದ ಜಗಳ ಸ್ವಾಮಿ, ಇಂಗ್ಲಿಷನ್ನು ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನ ತಲೆಗೆ ಕಟ್ಟಬೇಡಿ. ಬಿರುದಿಗೂ ಹಳೆಯ ಕವಿಪ್ರಯೋಗಕ್ಕೂ ಅವನೇ ವಿನಾಯಿತಿ ಕೊಟ್ಟಿದ್ದಾನೆ. ‘ಪೊಲೀಸ್ ಅಧಿಕಾರಿ’ ಅನ್ನುವಾಗ ಯಾರ ನಿದ್ದೆಯೂ ಕೆಡುವುದಿಲ್ಲ.

‘ಉತ್ತರ’ಕ್ಕೆ ‘ಆಮೇಲಿನದು’, ‘ಜವಾಬು’ ಎರಡೂ ಅರ್ಥವಿದೆ. ಇಲ್ಲಿ ಎರಡೂ ಬೇಕು. ಬರೀ ‘ಪಂಕ್ ನಂತರದ’ ಎಂದರೆ ಕಾಲ ಮಾತ್ರ ಬರುತ್ತದೆ, ಅದೂ ಪೂರಾ ಸರಿಯಲ್ಲ: ಪೋಸ್ಟ್-ಪಂಕ್ ಎನಿಸಿಕೊಂಡ ‘ಸೂಸಿ ಆ್ಯಂಡ್ ದ ಬ್ಯಾನ್‌ಶೀಸ್’ 1976ರಲ್ಲೇ ವೇದಿಕೆ ಏರಿತ್ತು. ಬೇಸ್ ಗಿಟಾರನ್ನು ಮುಂದಕ್ಕೆ ತಂದದ್ದು, ಜಮೈಕಾದ ಸಂಗೀತಶೈಲಿಯಾದ ಡಬ್‌ನಿಂದ ಪ್ರತಿಧ್ವನಿ ತೆಗೆದುಕೊಂಡದ್ದು, ಇವು ಪಂಕ್‌ನ ಮೂರು ಸ್ವರಮೇಳದ ಅವಸರಕ್ಕೆ ಕೊಟ್ಟ ಜವಾಬು. ‘ಪಂಕ್-ಉತ್ತರ’ ಎಂದು ಬಿಡಿಸಿ ಬರೆಯಿರಿ.

ಮರು: ಪಂಕ್-ಉತ್ತರ

ಹಾಗಾದರೆ ಪಂಕ್-ದಕ್ಷಿಣ ಎಲ್ಲಿದೆ?

ಮರು: ಆಲ್ಬಮ್

ಮೇಡಂ, ‘ಧ್ವನಿಸುರುಳಿ’ ಬಿಟ್ಟುಬಿಡಿ. ಸುರುಳಿ ಎಂದರೆ ಟೇಪು. ಭಾವಗೀತೆಯ ಕ್ಯಾಸೆಟ್ ಕಾಲಕ್ಕೆ ಸರಿಯಿತ್ತು. ‘ಸಾಂದ್ರಮುದ್ರಿಕೆ’ ಸಿ.ಡಿ.ಗೆ ಮಾತ್ರ. ನಿಮಗೆ ಬೇಕಾದದ್ದು ವಸ್ತುವಿನ ಹೆಸರಲ್ಲ, ಹಾಡುಗಳ ಕಟ್ಟಿನ ಹೆಸರು. ನಿಮಿಷಕ್ಕೆ 78 ಸುತ್ತಿನ ಹತ್ತಿಂಚಿನ ಗ್ರಾಮಫೋನ್ ಪ್ಲೇಟಿನಲ್ಲಿ ಬದಿಗೆ ಮೂರು ನಿಮಿಷ ಹಿಡಿಸುತ್ತಿತ್ತು. ಈ 49 ನಿಮಿಷಕ್ಕೆ ಎಂಟೊಂಬತ್ತು ಪ್ಲೇಟು ಬೇಕು. ಅಂಥವನ್ನು ಫೋಟೊ ಆಲ್ಬಮ್ಮಿನಂತೆ ರಟ್ಟಿನ ಪುಸ್ತಕದಲ್ಲಿ ಜೋಡಿಸಿ ಮಾರುತ್ತಿದ್ದರು. 1948ರಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ಬಂದು ಎಲ್ಲ ಒಂದೇ ತಟ್ಟೆಗೆ ಇಳಿಯಿತು, ಹೆಸರು ಉಳಿಯಿತು. ‘ಆಲ್ಬಮ್’ ಎಂದೇ ಹಾಕಿ, ಮೂರೇ ಅಕ್ಷರ.

‘ಬ್ಯಾಂಡ್’ ಮಾತ್ರ ಬೇಡ, ಮದುವೆಯ ಬ್ಯಾಂಡ್‌ಸೆಟ್ ಕಣ್ಣಿಗೆ ಬರುತ್ತದೆ. ‘ತಂಡ’ ಸರಿಯಾಗಿದೆ.

ಮರು: ಆಲ್ಬಮ್

ಎರವಲೇ ಬೇಕಿಲ್ಲ. ‘ಆಲ್ಬಮ್’ ಲ್ಯಾಟಿನ್ನಿನ ‘ಬಿಳಿ’ಯಿಂದ ಬಂದದ್ದು, ರೋಮಿನಲ್ಲಿ ಸಾರುವುದನ್ನು ಬರೆಯುತ್ತಿದ್ದ ಬಿಳಿ ಹಲಗೆ. ‘ಬೆಳ್ವಲಗೆ’ ಅನ್ನಿ, ಇಲ್ಲವೇ ‘ಹಾಡುಗಟ್ಟು’. ‘ಪಂಕ್’ ಎಂದರೆ ಕೊಳೆತ ಕಟ್ಟಿಗೆ, ನಮ್ಮ ‘ಕುಂಬು’. ‘ಕುಂಬುಬಳಿಕ’ ಚೆನ್ನಾಗಿಯೇ ಇದೆ. ದ್ವನಿ, ಉತ್ತರ ಎಲ್ಲ ಸಂಸ್ಕ್ರುತದ ಹೊರೆ.

ಮರು: ಕುಂಬುಬಳಿಕ (!)

ಕಟ್ಟಿಗೆಗಿಂತ ಹಳೆಯ ಅರ್ಥ ‘ವೇಶ್ಯೆ’. ಶೇಕ್ಸ್‌ಪಿಯರನ ನಾಟಕದಲ್ಲೇ ಇದೆ. ಮೂಲ ಹಿಡಿದು ಅನುವಾದಿಸುವುದಾದರೆ ಅದನ್ನೂ ಮಾಡಿ, ಪುರವಣಿಯವರು ಏನನ್ನುತ್ತಾರೋ ನೋಡೋಣ. ಮಹಾಪ್ರಾಣ ಕಿತ್ತ ಮಾತ್ರಕ್ಕೆ ಪದ ಕನ್ನಡವಾಗುವುದಿಲ್ಲ.

ಮರು: ಲಾಸ್ಟ್

ಕೇಳಿದ ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ‘ಕಳೆದುಕೊಂಡ’ಕ್ಕೆ ಕಳೆದುಕೊಂಡವನೊಬ್ಬ ಬೇಕು, ಶೀರ್ಷಿಕೆಯಲ್ಲಿ ಅವನಿಲ್ಲ. ‘ಅಳಿದ’ ಎಂದರೆ ಪ್ರಳಯ. ತೀರಿಕೊಂಡ ಅಣ್ಣನ ಮೇಲೆ ತಂಡದ ಹಾಡುಗಾರ ರಾಬರ್ಟ್ ಸ್ಮಿತ್ ಕಟ್ಟಿದ ಹಾಡೂ ಇದರಲ್ಲಿದೆ. ಹೋದದ್ದು ಹೋಯಿತು, ಉಳಿದವರು ಇನ್ನೂ ಇದ್ದಾರೆ. ‘ಕಳೆದುಹೋದ ಲೋಕದ ಹಾಡುಗಳು’ ಸಾಕು. ಅದೂ ಒಳಬರಹದಲ್ಲಿ ಒಮ್ಮೆ. ಉಳಿದೆಡೆ ಇಂಗ್ಲಿಷ್ ಹೆಸರನ್ನೇ ಕನ್ನಡ ಲಿಪಿಯಲ್ಲಿ ಕೊಡಿ, ಇಲ್ಲದಿದ್ದರೆ ಓದುಗರಿಗೆ ಹುಡುಕಿದರೂ ಸಿಗುವುದಿಲ್ಲ.

ಇನ್ನೊಂದು: ‘ಪಂಕ್‌ನ’, ‘ಆಲ್ಬಮ್‌ನ’ ಬರೆಯುವಾಗ ನಡುವೆ ಶೂನ್ಯ ಅಗಲದ ಅಕ್ಷರ ಹಾಕದಿದ್ದರೆ ‘ಪಂಕ್ನ’, ‘ಆಲ್ಬಮ್ನ’ ಎಂದು ಒತ್ತು ಕೂರುತ್ತದೆ. ‘ಬರಹ’ ತಂತ್ರಾಂಶದಲ್ಲಿ ಅದಕ್ಕೆ ^ ಕೀಲಿ.

ಮರು: ಪುಟ ಹೋಯಿತು

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸಿದೆ:

ಹದಿನಾರು ವರ್ಷದ ಮೇಲೆ
ಕ್ಯೂರ್ ತಂಡದ ಹೊಸ ಆಲ್ಬಮ್

‘ಪೋಸ್ಟ್-ಪಂಕ್’ ಒಳಬರಹದ ಮೊದಲ ಸಾಲಿಗೆ ಇಳಿಯಿತು.

ಮರು: ಪುಟ ಹೋಯಿತು

‘ವರುಶ’ ಯಾಕೆ? ‘ಏಡು’ ಇತ್ತಲ್ಲ.

ಮರು: ಪುಟ ಹೋಯಿತು

ಏಡು ಎಂದರೆ ಓದುಗ ಏಡಿ ಹುಡುಕುತ್ತಾನೆ.