ಕುದುರೆಗೆ ಹಿಂಗಾಲು ಎಳೀತೈತೆ, ಮಾಂಸಖಂಡದಲ್ಲಿ ಹುಳ ಸೇರಿರಬಹುದಾ?

ಚಳ್ಳಕೆರೆ ಕುರಿಗಾಹಿ:
ನಮಸ್ಕಾರ ಎಲ್ರಿಗೂ. ಕುರಿ ಜೊತೆ ವಲಸೆ ಹೋಗುವಾಗ ಸಾಮಾನು, ಎಳೇ ಮರಿ ಹೊರೋಕೆ ಒಂದು ಹೆಣ್ಗುದುರೆ ಇಟ್ಕೊಂಡಿದೀವಿ. ಈಗೀಗ ಸೊರಗ್ತಾ ಬಂದು ಬೆನ್ನು ತೊಡೆ ಎಲ್ಲಾ ಇಳಿದು ಮೂಳೆ ಕಾಣ್ತೈತೆ, ಬೆಳಿಗ್ಗೆ ನಡೆಸಿದ್ರೆ ಹಿಂಗಾಲು ಎಳೀತೈತೆ, ಹೊಟ್ಟೆ ಕೆಳಗೆ ಬಾವು, ಒತ್ತಿದ್ರೆ ಬೆರಳಿನ ಗುಳಿ ಹಂಗೇ ಉಳೀತೈತೆ. ಮೇವು ಮಾತ್ರ ತಿಂತೈತೆ. ಹುಳದ ಔಷಧಿ ಐವರ್‌ಮೆಕ್ಟಿನ್ ಕೊಟ್ವಿ, ಏನೂ ಫರಕ್ ಇಲ್ಲ. ಊರಲ್ಲಿ ಒಬ್ರು ನಾಯಿಯಿಂದ ಮಾಂಸಖಂಡಕ್ಕೆ ಹುಳ ಸೇರೈತೆ ಅಂದ್ರು, ನಿಜಾನಾ?

ಪಶುವೈದ್ಯ, ದಾವಣಗೆರೆ:
ಅಣ್ಣ, ಅವ್ರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸಾರ್ಕೋಸಿಸ್ಟಿಸ್ ಫಯೇರಿ ಅಂತ ಒಂದು ಐತೆ, ಹುಳ ಅಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿ. ಸತ್ತ ಕುದುರೆ ಹಸಿ ಮಾಂಸ ತಿಂದ ನಾಯಿ ಹೇಲಲ್ಲಿ ಹೊರಗೆ ಬಂದು, ಮೇವು ನೀರಿನ ಜೊತೆ ಇನ್ನೊಂದು ಕುದುರೆ ಹೊಟ್ಟೆ ಸೇರಿ, ಆಮೇಲೆ ಮಾಂಸಖಂಡದಲ್ಲಿ ಗಂಟು ಕಟ್ಕೊಂಡು ಕೂರುತ್ತೆ. ಆದ್ರೆ ಬಹಳಷ್ಟು ಕುದುರೆಗೆ ಇದ್ರಿಂದ ಏನೂ ತೊಂದ್ರೆ ಆಗಲ್ಲ, ಅಪರೂಪಕ್ಕೆ ಮಾತ್ರ ಬಿಗಿತ, ನಿಶ್ಶಕ್ತಿ ಬರುತ್ತೆ. ನೀವು ಹೇಳಿರೋ ಲಕ್ಷಣಕ್ಕೆ ನಂಗೆ ಮೊದ್ಲು ಅನುಮಾನ ಸರ್ರಾ ಮೇಲೆ. ಅದು ಟ್ರಿಪನೊಸೋಮಾ ಇವಾನ್ಸೈ ಅನ್ನೋ ಇನ್ನೊಂದು ಏಕಕೋಶ ಜೀವಿಯಿಂದ ಬರೋ ರೋಗ, ಆ ಜೀವಿ ರಕ್ತದಲ್ಲಿರುತ್ತೆ, ಕಚ್ಚೋ ದೊಡ್ಡ ನೊಣಗಳಿಂದ ಹರಡುತ್ತೆ. ಬಿಟ್ಟು ಬಿಟ್ಟು ಜ್ವರ, ಮೇವು ತಿಂದ್ರೂ ಸೊರಗೋದು, ಹೊಟ್ಟೆ ಕಾಲು ಬಾವು, ಹಿಂದಿನ ಕಾಲಿಗೆ ಬಲ ಇಲ್ದಂಗಾಗೋದು, ಎಲ್ಲಾ ಹೊಂದ್ತೈತೆ. ಐವರ್‌ಮೆಕ್ಟಿನ್ ಈ ಎರಡಕ್ಕೂ ಕೆಲ್ಸ ಮಾಡಲ್ಲ.

ಸಾರೋಟು ದಾವಣಗೆರೆ:
ಡಾಕ್ಟ್ರು ಹೇಳಿದ್ದು ಸರಿ ಐತ್ರಿ. ಮದ್ವೆ ಮೆರವಣಿಗೆಗೆ ಕುದುರೆ ಸಾಕೋರು ನಾವು, ಒಂದು ಥರ್ಮಾಮೀಟರ್ ಇಟ್ಕೊಳ್ರಿ, 101.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ಆಗ್ಲೇ ರಕ್ತ ತೆಗೆಸ್ರಿ. ಜ್ವರ ಇಳಿದಾಗ ತೆಗೆದ ರಕ್ತದಲ್ಲಿ ಎಷ್ಟೋ ಸಲ ಏನೂ ಸಿಗಲ್ಲ, ಜನ ರೋಗ ಇಲ್ಲ ಅಂತ ಸುಮ್ನಾಗ್ಬಿಡ್ತಾರೆ.

ಚಳ್ಳಕೆರೆ ಕುರಿಗಾಹಿ:
ಡಾಕ್ಟ್ರೇ, ನಮ್ಮೆರಡು ನಾಯಲ್ಲಿ ಒಂದ್ರ ಕಣ್ಣು ಮೊನ್ನೆಯಿಂದ ಬೆಳ್ಳಗೆ ಮೋಡ ಕಟ್ದಂಗಾಗೈತೆ, ಅದಕ್ಕೂ ಇದಕ್ಕೂ ಏನಾರ ಸಂಬಂಧ ಐತಾ?

ಪಶುವೈದ್ಯ, ದಾವಣಗೆರೆ:
ಒಳ್ಳೇ ವಿಷ್ಯ ಹೇಳಿದ್ರಿ ಅಣ್ಣ. ನಾಯಿಗೂ ಸರ್ರಾ ಬರುತ್ತೆ, ಕಣ್ಣು ಹಂಗೇ ಮಂಜಾಗುತ್ತೆ. ಕುದುರೆ, ಆ ನಾಯಿ ಎರಡನ್ನೂ ಒಟ್ಟಿಗೆ ಪಶು ಆಸ್ಪತ್ರೆಗೆ ಹೊಡ್ಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡೋಕೆ ರಕ್ತದ ಸ್ಲೈಡ್ ಮಾಡಿಸಿ. ಸರ್ರಾ ಸಿಕ್ಕಿದ್ರೆ ಕುದುರೆಗೆ ಕ್ವಿನಾಪಿರಮಿನ್ ಇಂಜೆಕ್ಷನ್, ತೂಕ ನೋಡಿ ಡಾಕ್ಟ್ರೇ ಹಾಕ್ಬೇಕು, ಡೋಸ್ ಹೆಚ್ಚಾದ್ರೆ ನಡುಗಿ ಬಿದ್ದುಬಿಡುತ್ತೆ, ದಯವಿಟ್ಟು ನೀವೇ ಚುಚ್ಚಬೇಡಿ. ಸ್ಲೈಡಲ್ಲಿ ಸಿಗದಿದ್ರೆ ರಕ್ತದಲ್ಲಿ ಆ ಜೀವಿಯ ಡಿಎನ್‌ಎ ಹುಡುಕೋ ಪಿಸಿಆರ್ ಪರೀಕ್ಷೆ ಐತೆ, ಶಿವಮೊಗ್ಗ ಪಶುವೈದ್ಯಕೀಯ ಕಾಲೇಜಲ್ಲಿ ವಿಚಾರಿಸಿ. ಅದೂ ಇಲ್ಲ ಅಂದ್ರೆ ಆಮೇಲೆ ಮಾಂಸಖಂಡದ ಚೂರು ತೆಗೆದು ಸಾರ್ಕೋಸಿಸ್ಟಿಸ್ ನೋಡೋಣ. ಅಲ್ಲಿವರೆಗೂ ಅದ್ರ ಮೇಲೆ ಹೊರೆ ಹೇರ್ಬೇಡಿ, ದಾರೀಲಿ ಸತ್ತ ಪ್ರಾಣಿ ಮಾಂಸಕ್ಕೆ ನಾಯಿ ಬಾಯಿ ಹಾಕ್ದಂಗೆ ನೋಡ್ಕೊಳ್ಳಿ, ಮಂದೆ ಹತ್ರ ಹೊಗೆ ಹಾಕಿ ನೊಣ ಓಡ್ಸಿ.

ಚಳ್ಳಕೆರೆ ಕುರಿಗಾಹಿ:
ಆಯ್ತು ಡಾಕ್ಟ್ರೇ, ಈಗ್ಲೇ ಜ್ವರ ನೋಡ್ತೀನಿ, ನಾಳೆ ಬೆಳಿಗ್ಗೆನೇ ಎರಡನ್ನೂ ಕರ್ಕೊಂಡು ಹೋಗ್ತೀವಿ.