ಮೊದಲ ಚಾರಣಕ್ಕೆ ಏನು ಕೊಳ್ಳಬೇಕು, ಏನು ಬಿಡಬೇಕು?

ದಾವಣಗೆರೆಯಿಂದ ಪ್ರಶ್ನೆ: ಚಳಿಗಾಲದಲ್ಲಿ ಗೆಳತಿಯರೊಂದಿಗೆ ಕುಮಾರಪರ್ವತ ಹತ್ತುವ ಯೋಚನೆಯಿದೆ. ಆಮೇಲೆ ಉತ್ತರಾಖಂಡದ ಕೇದಾರಕಂಠಕ್ಕೂ ಹೋಗುವಾಸೆ. ಚಾರಣ ನನಗೆ ಹೊಸದು. ಅಂಗಡಿಯಲ್ಲಿ ಬೂಟು, ಬ್ಯಾಗು, ಜಾಕೆಟ್, ಕೋಲು ಎಲ್ಲವೂ ಬೇಕೇ ಬೇಕು ಎನ್ನುತ್ತಾರೆ. ಕೈಯಲ್ಲಿರುವುದು 8,000 ರೂಪಾಯಿ. ಯಾವುದರಿಂದ ಶುರು ಮಾಡಲಿ?

ಕೊಪ್ಪದಿಂದ: ಬೂಟಿನಿಂದ ಶುರು ಮಾಡಿ ತಂಗಿ. ಉಳಿದದ್ದನ್ನು ಎರವಲು ತರಬಹುದು, ಇನ್ನೊಬ್ಬರ ಕಾಲಿಗೆ ಒಗ್ಗಿದ ಬೂಟು ನಿಮಗೆ ಒಗ್ಗುವುದಿಲ್ಲ. ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೆಯೇ ಊದುತ್ತದೆ. ಚಾರಣದಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ದಾರ ಕಟ್ಟುವ ಮೊದಲು ಪಾದವನ್ನು ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರಬೇಕು. ಕಟ್ಟಿದ ಮೇಲೆ ಹಿಮ್ಮಡಿ ಮೇಲೇಳಬಾರದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕುಮಾರಪರ್ವತದ ತುದಿ 1,712 ಮೀಟರ್, ಕುಕ್ಕೆ ಇರುವುದು ಬೆಟ್ಟದ ಬುಡದಲ್ಲಿ. ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ನಲುಗುವುದು ಕಾಲ್ಬೆರಳು. ಬೂಟು ಬಿಗಿಯಾಗಿದ್ದರೆ ನಡುದಾರಿಯ ಗಿರಿಗದ್ದೆಗೆ ಇಳಿದು ಬರುವಷ್ಟರಲ್ಲಿ ಉಗುರು ಕಪ್ಪಾಗಿರುತ್ತದೆ. ಹೊರಡುವ ಮುನ್ನ ಉಗುರು ಕತ್ತರಿಸಿಕೊಳ್ಳಿ. ಹೊಸ ಬೂಟನ್ನು ಕೆಲವು ವಾರ ಸಂತೆಗೆ, ಬಸ್ ನಿಲ್ದಾಣಕ್ಕೆ ಹಾಕಿಕೊಂಡು ಓಡಾಡಿ. ಯಾರಾದರೂ ಅಟ್ಟದ ಮೇಲಿಟ್ಟ ಹಳೆಯ ಬೂಟು ಕೊಟ್ಟರೆ ನಂಬಬೇಡಿ. ಅಟ್ಟೆಯೊಳಗಿನ ಫೋಮ್ ವರ್ಷಗಟ್ಟಲೆ ತೇವ ಹೀರಿ ಶಿಥಿಲವಾಗಿರುತ್ತದೆ, ನೋಡಲು ಹೊಸದರಂತಿದ್ದರೂ ನಡುದಾರಿಯಲ್ಲಿ ಕಳಚಿಕೊಳ್ಳುತ್ತದೆ.

ಮೈಸೂರಿನಿಂದ: ಅಣ್ಣ ಹೇಳಿದ್ದು ಸರಿ. ಕಾಲುಚೀಲದ ಬಗ್ಗೆ ಒಂದು ಮಾತು ಸೇರಿಸುತ್ತೇನೆ: ಹತ್ತಿಯದು ಬೇಡ. ಬೆವರು ಹೀರಿ ಒದ್ದೆಯಾಗಿಯೇ ಉಳಿದು ಬೊಬ್ಬೆ ಬರಿಸುತ್ತದೆ. ಉಣ್ಣೆಯ ಅಥವಾ ಬೇಗ ಒಣಗುವ ನೂಲಿನ ಎರಡು ಜೊತೆ ಸಾಕು.

ಬ್ಯಾಗು ಕೊಳ್ಳುವಾಗ ಖಾಲಿ ಬ್ಯಾಗನ್ನು ಬೆನ್ನಿಗೇರಿಸಿ ಕನ್ನಡಿ ನೋಡಿದರೆ ಏನೂ ತಿಳಿಯದು. ನೀರು ತುಂಬಿದ ಬಾಟಲಿಗಳನ್ನು ಹಾಕಿ, ಸೊಂಟದ ಪಟ್ಟಿ ಬಿಗಿದು ನಡೆಯಿರಿ. ಭಾರ ಹೆಗಲಿಗಿಂತ ಸೊಂಟದ ಮೂಳೆಯ ಮೇಲೆ ಹೆಚ್ಚು ಕೂರಬೇಕು. ಅನೇಕ ಬ್ಯಾಗುಗಳ ಬೆನ್ನಿನ ಅಳತೆ ಎತ್ತರದ ಗಂಡಸರಿಗೆ ಹೊಂದುವಂಥದ್ದು. ನಮಗೆ ಆ ಪಟ್ಟಿ ಸೊಂಟದಿಂದ ಕೆಳಗೆ ಜಾರುತ್ತದೆ, ಅದನ್ನು ಅಂಗಡಿಯಲ್ಲೇ ಗಮನಿಸಿ. ಒಂದು ದಿನದ ಚಾರಣಕ್ಕೆ 25 ಲೀಟರಿನ ಬ್ಯಾಗು ಧಾರಾಳ. ಮಳೆಗವಸು ಹಾಕಿದರೂ ಬೆನ್ನಿನ ಕಡೆಯಿಂದ ನೀರು ಒಳಗಿಳಿಯುತ್ತದೆ, ಆದ್ದರಿಂದ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ.

ಬೆಂಗಳೂರಿನಿಂದ: ಕೇದಾರಕಂಠದ ಸಾಮಾನನ್ನು ಈಗಲೇ ಕೊಳ್ಳಬೇಡಿ, ದಯವಿಟ್ಟು. ಅದರ ಎತ್ತರ ಸುಮಾರು 3,800 ಮೀಟರ್, ಚಳಿಗಾಲದಲ್ಲಿ ಹಿಮ. ಅಲ್ಲಿ ಬೇಕಾಗುವ ದಪ್ಪ ಜಾಕೆಟ್, ಹಿಮದಲ್ಲಿ ಜಾರದಂತೆ ಬೂಟಿನಡಿಗೆ ಕಟ್ಟುವ ಮುಳ್ಳುಪಟ್ಟಿ ನಮ್ಮ ಘಟ್ಟದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಚಾರಣ ಶುರುವಾಗುವ ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತವೆ. ಮೈಗಂಟುವ ಬಟ್ಟೆ ಬೇಗ ಒಣಗಬೇಕು, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಬೆಚ್ಚನೆ ಬಟ್ಟೆಯ ಅಂಗಿ, ಎಲ್ಲಕ್ಕಿಂತ ಹೊರಗೆ ಗಾಳಿಮಳೆ ತಡೆಯುವ ತೆಳು ಜಾಕೆಟ್. ಈ ಮೂರು ಎರಡೂ ಕಡೆ ಬಳಕೆಗೆ ಬರುತ್ತವೆ.

ದಾವಣಗೆರೆಯಿಂದ: ಹಾಗಾದರೆ ನೀರು ಹೋಗದ ಬೂಟನ್ನೇ ಕೊಳ್ಳಲೇ?

ಕೊಪ್ಪದಿಂದ: ಹಿಮಕ್ಕೆ ಅದು ಬೇಕು. ಮಲೆನಾಡಿನ ಮಳೆಗೆ ನಾನು ಬೇಡ ಎನ್ನುತ್ತೇನೆ. ಹಳ್ಳ ದಾಟುವಾಗ ಮೇಲಿನಿಂದ ನುಗ್ಗಿದ ನೀರು ಹೊರಗೆ ಹೋಗದೆ ಅಲ್ಲೇ ನಿಲ್ಲುತ್ತದೆ. ಜಾಲರಿ ಬಟ್ಟೆಯ ಬೂಟಾದರೆ ನೆನೆದರೂ ನಡೆಯುತ್ತ ನಡೆಯುತ್ತ ಬಸಿಯುತ್ತದೆ. ಈಗ ನಿಮ್ಮ ಗುರಿ ಕುಮಾರಪರ್ವತ, ಅದಕ್ಕೆ ತಕ್ಕದ್ದು ಕೊಳ್ಳಿ. ಮಳೆಗಾಲದಲ್ಲಿ ಕುದುರೆಮುಖದ ಕಡೆ ಬರುವುದಾದರೆ ಇಂಬಳ, ಅಂದರೆ ಜಿಗಣೆ, ತಡೆಯುವ ಮೊಣಕಾಲವರೆಗಿನ ಕಾಲುಚೀಲ ತನ್ನಿ, ಒತ್ತಾಗಿ ನೇಯ್ದ ಆ ಬಟ್ಟೆಯನ್ನು ಇಂಬಳ ಕಚ್ಚಿ ತೂರಲಾರದು. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು.

ಮೈಸೂರಿನಿಂದ: ಗಿರಿಗದ್ದೆ ದಾಟಿದ ಮೇಲೆ ಬೋಳು ಹುಲ್ಲುಗಾವಲು, ನೆರಳಿಲ್ಲ. ಅಗಲ ಅಂಚಿನ ಟೋಪಿ, ಕನಿಷ್ಠ ಮೂರು ಲೀಟರ್ ನೀರು ಇರಲಿ. ಹಣ ಉಳಿದರೆ ತಲೆಗೆ ಕಟ್ಟುವ ಟಾರ್ಚ್ ಕೊಳ್ಳಿ. ಇಳಿಯುವಷ್ಟರಲ್ಲಿ ಕತ್ತಲಾದರೆ ಎರಡೂ ಕೈ ಬಿಡುವಾಗಿರಬೇಕು, ಮೊಬೈಲಿನ ಬ್ಯಾಟರಿ ಕರೆಗೆಂದು ಉಳಿದಿರಬೇಕು.